ದೂರದ ಕಂಪ್ಯೂಟರಿಗೆ ದನಿ ಬಂದ ಕತೆ

2015ರ ಜೂನ್ 29ರಂದು ಚೆನ್ನೈನಲ್ಲಿ ಮೊದಲ ಮೆಟ್ರೊ ಓಡಿತು. ಕೋಯಂಬೇಡಿನಿಂದ ಆಲಂದೂರಿಗೆ, ಸುಮಾರು 10 ಕಿಲೋಮೀಟರ್ ದಾರಿ. ಮುಖ್ಯಮಂತ್ರಿ ಜಯಲಲಿತಾ ಅಂದು ನಿಲ್ದಾಣಕ್ಕೆ ಬರಲಿಲ್ಲ. ಸಚಿವಾಲಯದಲ್ಲಿ ಕುಳಿತು ವಿಡಿಯೊ ಕಾನ್ಫರೆನ್ಸ್ ಮೂಲಕವೇ ಚಾಲನೆ ಕೊಟ್ಟರು. ಅದರಲ್ಲಿ ಅಚ್ಚರಿಪಡುವಂಥದ್ದು ಏನೂ ಇರಲಿಲ್ಲ. ಒಂದು ಕಡೆಯ ಚಿತ್ರವೂ ಮಾತೂ ಒಟ್ಟಿಗೇ ಇನ್ನೊಂದು ಕಡೆ ಮುಟ್ಟುತ್ತವೆ ಎಂಬುದು ಅಷ್ಟು ಹೊತ್ತಿಗೆ ಎಲ್ಲರೂ ಒಪ್ಪಿಕೊಂಡಿದ್ದ ಸಂಗತಿ.

ಕಂಪ್ಯೂಟರಿನ ಒಳಗಿನ ಕತೆ ಮಾತ್ರ ಹಾಗಿರಲಿಲ್ಲ. ಬೇರೆ ಊರಿನ ಕಂಪ್ಯೂಟರಿನ ಪರದೆಯನ್ನು ನಮ್ಮ ಮೇಜಿನ ಮೇಲೆ ತೆರೆದುಕೊಂಡು ಕೆಲಸ ಮಾಡುವುದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಅದರಲ್ಲಿ ಚಿತ್ರ ಮೊದಲು ಬಂತು. ದನಿ ಬರಲು ವರ್ಷಗಳೇ ಹಿಡಿದವು. ಬಂದ ಮೇಲೂ ಹಳೆಯ ಎಷ್ಟೋ ಸಾಫ್ಟ್‌ವೇರ್‌ಗಳು ಮೂಕವಾಗಿಯೇ ಉಳಿದವು. ಹಾಡು ಕೇಳಿಸದಿದ್ದರೆ ಕಚೇರಿಯ ಕೆಲಸವೇನೂ ನಿಲ್ಲುವುದಿಲ್ಲ. ಆದರೆ ಪರದೆಯನ್ನು ಕಿವಿಯಿಂದಲೇ ಓದುವ ಜನರೂ ಇದ್ದಾರೆ. ದನಿ ಬಾರದಿದ್ದರೆ ಅವರ ಪಾಲಿಗೆ ಕಂಪ್ಯೂಟರೇ ಇಲ್ಲ. ಆದ್ದರಿಂದ ಈ ಇತಿಹಾಸವನ್ನು ಬರೀ ತಾಂತ್ರಿಕ ಕುತೂಹಲ ಎಂದು ಬದಿಗಿಡಲಾಗದು.

ಏಳನೆಯ ಸಂಕೇತ

ಮೊದಲು ಹೇಳಬೇಕಾದ ವಿಚಿತ್ರವೆಂದರೆ, ತೀರಾ ಹಳೆಯ ಸಾಫ್ಟ್‌ವೇರಿಗೆ ಈ ತೊಂದರೆಯೇ ಇರಲಿಲ್ಲ. ಕಂಪ್ಯೂಟರುಗಳು ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ಆಸ್ಕಿ ಎಂಬ ಪಟ್ಟಿ 1963ರಲ್ಲಿ ಪ್ರಕಟವಾಯಿತು. ಅದರಲ್ಲಿ 65 ಎಂದರೆ ಇಂಗ್ಲಿಷಿನ ದೊಡ್ಡ ಎ. ಪಟ್ಟಿಯ ಆರಂಭದಲ್ಲಿ ಅಕ್ಷರಗಳಲ್ಲದ ಕೆಲವು ಆಜ್ಞೆಗಳೂ ಇವೆ. ಅವುಗಳಲ್ಲಿ 7ನೆಯದು ಗಂಟೆ. ಟೆಲಿಪ್ರಿಂಟರಿಗೆ ಆ ಸಂಕೇತ ಬಂದರೆ ಅದರೊಳಗಿನ ನಿಜವಾದ ಲೋಹದ ಗಂಟೆ ಟಣ್ ಎನ್ನುತ್ತಿತ್ತು. ಸಂದೇಶ ಬಂದಿದೆ, ಬಂದು ನೋಡು ಎಂಬುದು ಅದರ ಅರ್ಥ.

ಮುಂದೆ ಟೆಲಿಪ್ರಿಂಟರಿನ ಜಾಗಕ್ಕೆ ಪರದೆ ಮತ್ತು ಕೀಲಿಮಣೆಯ ಟರ್ಮಿನಲ್‌ಗಳು ಬಂದವು. ದೊಡ್ಡ ಕಂಪ್ಯೂಟರು ಎಲ್ಲೋ ಒಂದು ಕೋಣೆಯಲ್ಲಿ, ಟರ್ಮಿನಲ್ಲು ಬಳಸುವವರ ಎದುರಿಗೆ. ಪ್ರೋಗ್ರಾಮು 7 ಎಂಬ ಒಂದೇ ಬೈಟನ್ನು ತಂತಿಗೆ ಬಿಟ್ಟರೆ ಸದ್ದು ಏಳುತ್ತಿದ್ದದ್ದು ಬಳಸುವವರ ಎದುರಿನಲ್ಲಿ. ಇಲ್ಲಿ ತಂತಿಯ ಮೇಲೆ ಪಯಣಿಸಿದ್ದು ಸದ್ದಲ್ಲ, ಸದ್ದು ಮಾಡು ಎಂಬ ಮಾತು. ಗಂಟೆ ಮೊದಲೇ ಕೇಳುವವರ ಬಳಿ ಇತ್ತು. ಇಷ್ಟು ಸರಳವಾದ ಈ ಉಪಾಯ ಕತೆಯ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಸದ್ದು

1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂತು. ದೊಡ್ಡ ಕಂಪ್ಯೂಟರು, ದೂರದ ಟರ್ಮಿನಲ್ಲು ಎಂಬ ಜೋಡಿ ಒಡೆದು ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಸೇರಿತು. ಆ ಪೆಟ್ಟಿಗೆಯಲ್ಲಿ ಪುಟ್ಟದೊಂದು ಸ್ಪೀಕರ್ ಇತ್ತು. ಸೆಕೆಂಡಿಗೆ ಸುಮಾರು 11,93,182 ಬಾರಿ ಮಿಡಿಯುವ ಟೈಮರ್ ಚಿಪ್ಪಿಗೆ ಒಂದು ಭಾಜಕವನ್ನು ಕೊಟ್ಟರೆ ಸ್ಪೀಕರಿನಿಂದ ಅದಕ್ಕೆ ತಕ್ಕ ಸ್ವರ ಹೊರಡುತ್ತಿತ್ತು. 2,712 ಕೊಟ್ಟರೆ ಸುಮಾರು 440 ಹರ್ಟ್ಸ್, ಅಂದರೆ ಸಂಗೀತ ವಾದ್ಯಗಳನ್ನು ಶ್ರುತಿ ಮಾಡಲು ಬಳಸುವ ಸ್ವರ. ಡಾಸ್ ಕಾಲದ ಪ್ರೋಗ್ರಾಮುಗಳು ಯಾರನ್ನೂ ಕೇಳದೆ ನೇರವಾಗಿ ಆ ಚಿಪ್ಪಿಗೇ ಅಂಕಿ ಬರೆಯುತ್ತಿದ್ದವು. ಭಾರತದ ಅಂಗಡಿ, ಗೋದಾಮು, ಲೆಕ್ಕಪತ್ರದ ಕಚೇರಿಗಳಿಗೆ 1980ರ ದಶಕದ ಕೊನೆಗೆ ಬಂದ ಕಂಪ್ಯೂಟರುಗಳ ದನಿ ಎಂದರೆ ಇದೇ. ತಪ್ಪು ಕೀಲಿ ಒತ್ತಿದರೆ ಬೀಪ್.

1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಟೆಕ್ನಾಲಜಿ ಕಂಪನಿ ಸೌಂಡ್ ಬ್ಲಾಸ್ಟರ್ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಸಿಮ್ ವಾಂಗ್ ಹೂ ಕಟ್ಟಿದ ಕಂಪನಿ ಅದು. ಈಗ ಬೀಪಿನ ಜೊತೆಗೆ ಮಾತು, ಸಂಗೀತ, ಗುಂಡಿನ ಸದ್ದು ಎಲ್ಲವೂ ಬಂದವು. ಆದರೆ ಪ್ರೋಗ್ರಾಮುಗಳ ಅಭ್ಯಾಸ ಬದಲಾಗಲಿಲ್ಲ. ಕಾರ್ಡು ಯಾವ ವಿಳಾಸದಲ್ಲಿದೆ, ಯಾವ ಅಡಚಣೆ ಸಂಖ್ಯೆ, ಯಾವ ಡಿಎಂಎ ವಾಹಿನಿ ಎಂಬುದನ್ನು ಬಳಸುವವರೇ ಬರೆದುಕೊಡಬೇಕಿತ್ತು. ಎ220 ಐ5 ಡಿ1 ಎಂಬ ಸಾಲು ಆ ಕಾಲದಲ್ಲಿ ಆಟವಾಡಿದ ಎಷ್ಟೋ ಮಂದಿಗೆ ಬಾಯಿಪಾಠವಾಗಿತ್ತು. ಪ್ರೋಗ್ರಾಮು ಆ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿತ್ತು. ಅಲ್ಲಿ ಕಾರ್ಡಿದ್ದರೆ ಸದ್ದು, ಇಲ್ಲದಿದ್ದರೆ ಮೌನ.

1992ರಲ್ಲಿ ಬಂದ ವಿಂಡೋಸ್ 3.1 ಈ ವ್ಯವಹಾರವನ್ನು ಬದಲಿಸಿತು. ಪ್ರೋಗ್ರಾಮು ಇನ್ನು ಕಾರ್ಡಿನ ಬಳಿ ಹೋಗಬೇಕಿಲ್ಲ. ಇದನ್ನು ನುಡಿಸು ಎಂದು ವಿಂಡೋಸಿಗೆ ಹೇಳಿದರೆ ಸಾಕು. ಯಾವ ಕಾರ್ಡು, ಎಲ್ಲಿದೆ ಎಂಬುದು ವಿಂಡೋಸಿನ ತಲೆನೋವು.

ಇದರ ಬೆಲೆ ಏನೆಂದು ತಿಳಿಯಲು ಕೋಯಂಬೇಡಿನ ಸಗಟು ಮಾರುಕಟ್ಟೆಯನ್ನು ನೋಡಬಹುದು. 1996ರವರೆಗೆ ಚೆನ್ನೈನ ತರಕಾರಿ ಸಗಟು ವ್ಯಾಪಾರ ನಡೆಯುತ್ತಿದ್ದದ್ದು ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯಲ್ಲಿ. ಆ ವರ್ಷ ಅದು ಕೋಯಂಬೇಡಿಗೆ ಬಂತು. ಕೋಲಾರದ ಟೊಮೆಟೊ ಇಂದಿಗೂ ಲಾರಿ ಹತ್ತಿ ಹೋಗುವುದು ಅಲ್ಲಿಗೇ. ಇಂಥ ಸ್ಥಳಾಂತರದ ದಿನ, ಬರೀ ಹಳೆಯ ಗಲ್ಲಿಯನ್ನಷ್ಟೇ ನೆಚ್ಚಿಕೊಂಡವರು ಸರಕು ತಂದರೆ ಎದುರಾಗುವುದು ಮುಚ್ಚಿದ ಬಾಗಿಲು. ಮಂಡಿಯವರ ಮೂಲಕ ವ್ಯವಹಾರ ಮಾಡುವವರಿಗೆ ಆ ಪಾಡಿಲ್ಲ. ಮಂಡಿ ಎಲ್ಲಿ ಹೋದರೂ ಸರಕು ಅಲ್ಲಿಗೆ ಮುಟ್ಟುತ್ತದೆ. ನಡುವಿನ ದಲ್ಲಾಳಿಯನ್ನು ಬೈಯುವುದು ನಮಗೆ ರೂಢಿ. ಸಾಫ್ಟ್‌ವೇರಿನ ಲೋಕದಲ್ಲಿ ಮಾತ್ರ, ದಲ್ಲಾಳಿಯನ್ನು ಹಿಡಿದ ಪ್ರೋಗ್ರಾಮುಗಳೇ ಮುಂದಿನ ಸ್ಥಳಾಂತರದಲ್ಲಿ ಬದುಕಿ ಉಳಿದವು. ಆ ಸ್ಥಳಾಂತರವೇ ರಿಮೋಟ್ ಡೆಸ್ಕ್‌ಟಾಪ್.

ಪರದೆ ಬಂತು, ಗಂಟೆ ಮಾತ್ರ ಬಂತು

ಪರದೆಯನ್ನು ದೂರಕ್ಕೆ ಕಳಿಸುವ ವಿದ್ಯೆ ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಪ್ರೋಗ್ರಾಮು ಒಂದು ಕಂಪ್ಯೂಟರಿನಲ್ಲಿ ಓಡಿದರೆ ಕಿಟಕಿ ಇನ್ನೊಂದರಲ್ಲಿ ತೆರೆಯುತ್ತಿತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧನಾಲಯವೊಂದು 1998ರಲ್ಲಿ ವಿಎನ್‌ಸಿಯನ್ನು ಹೊರತಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದರ ಹಿಂದೆ ಸಿಟ್ರಿಕ್ಸ್ ಎಂಬ ಕಂಪನಿಯ ಕೆಲಸವಿತ್ತು. ಐಬಿಎಂ ಬಿಟ್ಟುಬಂದ ಎಡ್ ಯಾಕೊಬುಚ್ಚಿ 1989ರಲ್ಲಿ ಕಟ್ಟಿದ ಸಂಸ್ಥೆ ಅದು. ಮೈಕ್ರೋಸಾಫ್ಟಿನ ಈ ಹೊಸ ಸಂಪರ್ಕ ವಿಧಾನಕ್ಕೆ ಆರ್‌ಡಿಪಿ ಎಂದು ಹೆಸರಾಯಿತು.

ಮೂರೂ ಬೇರೆ ಬೇರೆ ಕಡೆ, ಬೇರೆ ಬೇರೆ ಜನರ ಕೈಯಲ್ಲಿ ರೂಪಗೊಂಡವು. ಆದರೆ ದನಿಯ ವಿಷಯದಲ್ಲಿ ಮೂರೂ ಬಂದು ನಿಂತದ್ದು ಒಂದೇ ಜಾಗದಲ್ಲಿ. ಎಕ್ಸ್ ವ್ಯವಸ್ಥೆಯಲ್ಲಿ ಗಂಟೆ ಬಾರಿಸುವ ಒಂದು ಕೋರಿಕೆ ಇದೆ. ವಿಎನ್‌ಸಿಯಲ್ಲಿಯೂ ಗಂಟೆ ಎಂಬ ಸಂದೇಶವಿದೆ, ಅದರ ಉದ್ದ ಒಂದೇ ಬೈಟ್. ಆರ್‌ಡಿಪಿಯಲ್ಲಿ ಬೀಪಿಗಾಗಿ ಇರುವ ಸಂದೇಶದ ತಿರುಳು ಎರಡು ಅಂಕಿಗಳು, ಎಷ್ಟು ಹೊತ್ತು ಮತ್ತು ಯಾವ ಸ್ವರ. 1963ರ 7ನೆಯ ಸಂಕೇತವೇ ಹೊಸ ಅಂಗಿ ತೊಟ್ಟು ಬಂದಂತಿತ್ತು.

ಬೀಪಿಗಿಂತ ಹೆಚ್ಚಿನದನ್ನು ಕೇಳಿದ ಪ್ರೋಗ್ರಾಮಿಗೆ ಉತ್ತರ ಸಿಗುತ್ತಿರಲಿಲ್ಲ. ಸರ್ವರ್ ಕೋಣೆಯ ಕಂಪ್ಯೂಟರಿಗೆ ಸೌಂಡ್ ಕಾರ್ಡೇ ಇರುತ್ತಿರಲಿಲ್ಲ. ಕೆಲವು ಪ್ರೋಗ್ರಾಮುಗಳು ಧ್ವನಿ ಸಾಧನ ಇಲ್ಲ ಎಂಬ ದೂರು ಕೊಟ್ಟು ಸುಮ್ಮನಾಗುತ್ತಿದ್ದವು. ಇನ್ನು ವಿಎನ್‌ಸಿಯಲ್ಲಿ ದೂರದ ಕಂಪ್ಯೂಟರಿಗೆ ಕಾರ್ಡಿದ್ದರೆ ಸದ್ದು ಅಲ್ಲೇ, ಯಾರೂ ಇಲ್ಲದ ಕೋಣೆಯಲ್ಲಿ ಮೊಳಗುತ್ತಿತ್ತು.

ಎಂಜಿನಿಯರುಗಳ ಉದಾಸೀನವೊಂದೇ ಇದಕ್ಕೆ ಕಾರಣವಲ್ಲ. ಲೆಕ್ಕವನ್ನೂ ನೋಡಬೇಕು. ಸಿಡಿ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 44,100 ಅಳತೆಗಳು, ಒಂದೊಂದಕ್ಕೆ 16 ಬಿಟ್, ಎರಡು ಕಿವಿಗೆ ಎರಡು ವಾಹಿನಿ. ಗುಣಿಸಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಆ ಕಾಲದ ಡಯಲ್ ಅಪ್ ಮೋಡೆಮಿನ ಗರಿಷ್ಠ ವೇಗ 56 ಕಿಲೋಬಿಟ್. ಭಾರತ ಸರ್ಕಾರದ 2004ರ ನೀತಿ ಬ್ರಾಡ್‌ಬ್ಯಾಂಡ್ ಎಂದು ಕರೆದದ್ದು 256 ಕಿಲೋಬಿಟ್ ಸಂಪರ್ಕವನ್ನು. ಅಂದರೆ ಬ್ರಾಡ್‌ಬ್ಯಾಂಡ್ ಇದ್ದವರೂ ಧ್ವನಿಯನ್ನು ಐದಾರು ಪಟ್ಟು ಹಿಂಡದೆ ತರಿಸಿಕೊಳ್ಳುವಂತಿರಲಿಲ್ಲ.

ಚಿತ್ರಕ್ಕೂ ದನಿಗೂ ಇನ್ನೊಂದು ವ್ಯತ್ಯಾಸವಿದೆ. ಪರದೆಯ ಮೇಲೆ ಏನೂ ಬದಲಾಗದಿದ್ದರೆ ಏನನ್ನೂ ಕಳಿಸಬೇಕಿಲ್ಲ. ತಡವಾದರೂ ಚಿತ್ರ ಚಿತ್ರವೇ. ಕಿಟಕಿ ಅರ್ಧ ಸೆಕೆಂಡ್ ತಡವಾಗಿ ತೆರೆದರೆ ಬಳಸುವವರು ಸಹಿಸಿಕೊಳ್ಳುತ್ತಾರೆ. ದನಿ ಕಾಲದಲ್ಲೇ ಬದುಕುವ ವಸ್ತು. ಮಾತಿನ ನಡುವೆ ಅರ್ಧ ಸೆಕೆಂಡ್ ಬಿಟ್ಟುಹೋದರೆ ಪದವೇ ಹೋಯಿತು. ಅದನ್ನು ತಪ್ಪಿಸಲು ಸ್ವಲ್ಪ ಧ್ವನಿಯನ್ನು ಮೊದಲೇ ಕೂಡಿಟ್ಟುಕೊಂಡು ನುಡಿಸಬೇಕು. ಕೂಡಿಟ್ಟಷ್ಟೂ ತಡ.

ದಲ್ಲಾಳಿಯ ಉಪಕಾರ

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಆರ್‌ಡಿಪಿಯ 5.1 ಆವೃತ್ತಿಯನ್ನು ತಂದಿತು. ದೂರದ ಕಂಪ್ಯೂಟರಿನಲ್ಲಿ ಈಗ ಒಂದು ಹುಸಿ ಸೌಂಡ್ ಕಾರ್ಡ್ ಕಾಣಿಸಿಕೊಳ್ಳುತ್ತಿತ್ತು. ಪ್ರೋಗ್ರಾಮು ವಿಂಡೋಸಿಗೆ ಸದ್ದು ಒಪ್ಪಿಸಿದರೆ ವಿಂಡೋಸ್ ಅದನ್ನು ಈ ಹುಸಿ ಕಾರ್ಡಿಗೆ ಕೊಡುತ್ತಿತ್ತು. ಅಲ್ಲಿಂದ ಹಿಂಡಿಸಿಕೊಂಡು, ತಂತಿ ದಾಟಿ, ಬಳಸುವವರ ಸ್ಪೀಕರಿನಲ್ಲಿ ಅದು ಮೊಳಗುತ್ತಿತ್ತು. ಸಂಪರ್ಕಿಸುವ ಮೊದಲು ಮೂರರಲ್ಲಿ ಒಂದನ್ನು ಆರಿಸಬೇಕಿತ್ತು: ಸದ್ದು ಇಲ್ಲಿಗೆ ಬರಲಿ, ಎಲ್ಲಿಯೂ ಬೇಡ, ಅಲ್ಲೇ ಇರಲಿ. ಸಿಟ್ರಿಕ್ಸಿನ ಸ್ವಂತ ವ್ಯವಸ್ಥೆಯಲ್ಲಿ ಈ ಅನುಕೂಲ ಇದಕ್ಕೂ ಮೊದಲೇ ಇತ್ತು. ಲಿನಕ್ಸ್ ಲೋಕದಲ್ಲಿ ಇದೇ ಕೆಲಸವನ್ನು ಹಲವು ಧ್ವನಿ ಸರ್ವರ್‌ಗಳು ಮಾಡುತ್ತ ಬಂದು, 2004ರಲ್ಲಿ ಆರಂಭವಾದ ಪಲ್ಸ್‌ಆಡಿಯೊ ಮುಂದೆ ಹೆಚ್ಚು ಪ್ರಚಲಿತವಾಯಿತು.

ಇಲ್ಲಿ ಹಳೆಯ ಸಾಫ್ಟ್‌ವೇರ್‌ಗಳ ಹಣೆಬರಹ ಬೇರೆಬೇರೆಯಾಯಿತು. ವಿಂಡೋಸ್ 3.1ರ ರೀತಿಯಲ್ಲಿ ದಲ್ಲಾಳಿಯ ಮೂಲಕ ಸದ್ದು ಮಾಡಿದ ಪ್ರೋಗ್ರಾಮುಗಳು ಒಂದು ಸಾಲೂ ಬದಲಾಗದೆ ದೂರಕ್ಕೆ ಹಾಡತೊಡಗಿದವು. ಬರೆದವರಿಗೆ ಅದರ ಕನಸೂ ಇದ್ದಿರಲಾರದು. ನೇರ ಕಾರ್ಡಿನ ಬಾಗಿಲು ತಟ್ಟುವ ಡಾಸ್ ಪ್ರೋಗ್ರಾಮುಗಳಿಗೆ ಅಲ್ಲಿ ಬಾಗಿಲೇ ಇರಲಿಲ್ಲ. ಎಕ್ಸ್‌ಪಿ ಹಳೆಯ ಸೌಂಡ್ ಬ್ಲಾಸ್ಟರಿನ ಅನುಕರಣೆಯೊಂದನ್ನು ಒಳಗೇ ಇಟ್ಟುಕೊಂಡಿತ್ತು. 64 ಬಿಟ್ ವಿಂಡೋಸಿನಲ್ಲಿ ಡಾಸ್ ಪ್ರೋಗ್ರಾಮು ಓಡಿಸುವ ಆ ಇಡೀ ಭಾಗವನ್ನೇ ಕೈಬಿಡಲಾಯಿತು. ಇನ್ನು ಉಳಿದ ದಾರಿ 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್‌ನಂಥ ಸಾಧನ. ಅದು ಪ್ರೋಗ್ರಾಮಿಗೆ ಹಳೆಯ ಗಲ್ಲಿಯನ್ನೇ ಮತ್ತೆ ಕಟ್ಟಿಕೊಡುತ್ತದೆ. ಎ220 ಎಂಬ ವಿಳಾಸ, ಬಾಗಿಲು, ಕಾರ್ಡು ಎಲ್ಲವೂ ಅಲ್ಲಿವೆ, ಎಲ್ಲವೂ ಹುಸಿ. ಬಾಗಿಲ ಹಿಂದೆ ನಿಂತವರು ಸರಕನ್ನು ಪಡೆದು ಹೊಸ ಮಂಡಿಗೆ ಸಾಗಿಸುತ್ತಾರೆ.

ನಡುವಣ ಕಾಲದ ಪ್ರೋಗ್ರಾಮುಗಳದು ಇನ್ನೊಂದು ಸಂಕಟ. ಅನೇಕವು ಶುರುವಾಗುವಾಗ ಒಮ್ಮೆ ಮಾತ್ರ ಯಾವ ಧ್ವನಿ ಸಾಧನ ಇದೆ ಎಂದು ನೋಡಿ, ಅದನ್ನೇ ಹಿಡಿದುಕೊಳ್ಳುತ್ತವೆ. ರಿಮೋಟ್ ಡೆಸ್ಕ್‌ಟಾಪಿನ ಹುಸಿ ಕಾರ್ಡು ಸಂಪರ್ಕದೊಂದಿಗೆ ಬರುತ್ತದೆ, ಸಂಪರ್ಕದೊಂದಿಗೆ ಹೋಗುತ್ತದೆ. ಕಚೇರಿಯಲ್ಲಿ ತೆರೆದಿಟ್ಟ ಪ್ರೋಗ್ರಾಮನ್ನು ಸಂಜೆ ಮನೆಯಿಂದ ನೋಡಿದರೆ ಚಿತ್ರವೆಲ್ಲ ಸರಿ, ಸದ್ದು ಮಾತ್ರ ಇಲ್ಲ. ಆ ಪ್ರೋಗ್ರಾಮು ಬೆಳಗಿನ ಕಾರ್ಡಿಗೇ ಇನ್ನೂ ಅಂಟಿಕೊಂಡಿದೆ. ಅದನ್ನು ಮುಚ್ಚಿ ಮತ್ತೆ ತೆರೆಯುವುದೇ ಮದ್ದು. ಎಷ್ಟೋ ಕಚೇರಿಗಳಲ್ಲಿ ಇದು ಕಾರಣ ತಿಳಿಯದೆಯೇ ರೂಢಿಗೆ ಬಂದ ಮನೆಮದ್ದಾಯಿತು.

ಹಳೆಯ ಬೀಪಿಗೂ ಒಂದು ಸುತ್ತು ಆಯಿತು. ಸೌಂಡ್ ಕಾರ್ಡು ಎಲ್ಲೆಡೆ ಬಂದ ಮೇಲೆ ಟೈಮರ್ ಚಿಪ್ಪಿನ ಸ್ಪೀಕರನ್ನು ಯಾರೂ ಗಮನಿಸದಾದರು. ವಿಸ್ತಾದ ಕಾಲಕ್ಕೆ 64 ಬಿಟ್ ವಿಂಡೋಸಿನಲ್ಲಿ ಬೀಪ್ ಸದ್ದೇ ನಿಂತುಹೋಗಿತ್ತು. 2009ರ ವಿಂಡೋಸ್ 7ರಲ್ಲಿ ಬೀಪನ್ನು ಹೊಸದಾಗಿ ಬರೆದರು. ಈಗ ಅದು ಆಯಾ ಬಳಕೆದಾರರ ಧ್ವನಿ ಸಾಧನಕ್ಕೆ ಹೋಗುತ್ತದೆ, ರಿಮೋಟ್ ಸಂಪರ್ಕವಿದ್ದರೆ ಕೇಳುವವರ ಕಡೆಯೇ ಮೊಳಗುತ್ತದೆ. ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದಿದ್ದ ಸದ್ದು ಟರ್ಮಿನಲ್ ಕಾಲದ ಜಾಗಕ್ಕೆ ಮರಳಿತು.

ಕಿವಿಯಿಂದ ಓದುವವರು

ಅಮೆರಿಕದ ಟೆಡ್ ಹೆಂಟರ್ ಮೋಟಾರ್‌ಸೈಕಲ್ ರೇಸ್ ಓಡಿಸುತ್ತಿದ್ದವರು. 1978ರಲ್ಲಿ ಕಾರು ಅಪಘಾತವೊಂದರಲ್ಲಿ ಕಣ್ಣು ಕಳೆದುಕೊಂಡರು. ಆಮೇಲೆ ಪ್ರೋಗ್ರಾಮಿಂಗ್ ಕಲಿತು, ಬಿಲ್ ಜಾಯ್ಸ್ ಅವರ ಜೊತೆ ಕಂಪನಿ ಕಟ್ಟಿ, 1989ರಲ್ಲಿ ಡಾಸ್‌ಗೆ ಜಾಸ್ ಎಂಬ ಸ್ಕ್ರೀನ್ ರೀಡರನ್ನು ಹೊರತಂದರು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಅದು. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರನ್, ತಾವೂ ಕಣ್ಣು ಕಾಣದವರು, ಉಚಿತವಾಗಿ ಸಿಗುವ ಎನ್‌ವಿಡಿಎಯನ್ನು ಆರಂಭಿಸಿದರು. ಭಾರತದಲ್ಲಿ 1995ರ ಅಂಗವಿಕಲರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡ 3ರಷ್ಟು ಮೀಸಲು ಕೊಟ್ಟಿತು. ಅದರಲ್ಲಿ ಶೇಕಡ 1 ದೃಷ್ಟಿದೋಷ ಉಳ್ಳವರಿಗೆ. 2016ರ ಕಾಯ್ದೆ ಒಟ್ಟು ಮೀಸಲನ್ನು ಶೇಕಡ 4ಕ್ಕೆ ಏರಿಸಿತು. ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳಿಗೆ ಅಂಧ ನೌಕರರು ಬಂದರು. ಅವರ ಕೆಲಸದ ಸಾಧನ ಸ್ಕ್ರೀನ್ ರೀಡರ್.

ಅದೇ ಹೊತ್ತಿಗೆ ಕಚೇರಿಗಳು ಸಾಫ್ಟ್‌ವೇರನ್ನು ಮೇಜಿನ ಕಂಪ್ಯೂಟರಿನಿಂದ ತೆಗೆದು ದೂರದ ಸರ್ವರಿಗೆ ಸಾಗಿಸತೊಡಗಿದವು. ಸ್ಕ್ರೀನ್ ರೀಡರಿಗೆ ಇದು ಗೋಡೆಯಾಯಿತು. ಮೇಜಿನ ಕಂಪ್ಯೂಟರಿನಲ್ಲಿರುವ ರೀಡರು ರಿಮೋಟ್ ಕಿಟಕಿಯನ್ನು ನೋಡಿದರೆ ಅಲ್ಲಿ ಅಕ್ಷರವಿಲ್ಲ. ಇರುವುದು ಅಕ್ಷರಗಳ ಚಿತ್ರ ಮಾತ್ರ. ಕಣ್ಣಿಗೆ ವ್ಯತ್ಯಾಸ ತಿಳಿಯದು, ರೀಡರಿಗೆ ಅದು ಖಾಲಿ ಗೋಡೆ.

ರೀಡರನ್ನೇ ದೂರದ ಕಂಪ್ಯೂಟರಿನಲ್ಲಿ ಓಡಿಸಿ ಅದರ ಮಾತನ್ನು ತರಿಸಿಕೊಳ್ಳುವುದು ಎರಡನೆಯ ದಾರಿ. ಇಲ್ಲಿ ತಡ ಕಾಡುತ್ತದೆ. ಅಂಧ ನೌಕರರು ಟೈಪ್ ಮಾಡುವಾಗ ಒತ್ತಿದ ಪ್ರತಿ ಕೀಲಿಯನ್ನೂ ರೀಡರು ಉಚ್ಚರಿಸುತ್ತದೆ. ಕೀಲಿ ಅಲ್ಲಿಗೆ ಹೋಗಿ, ಮಾತಾಗಿ, ಕೂಡಿಟ್ಟ ಧ್ವನಿಯ ಸಾಲಿನಲ್ಲಿ ಕಾದು ಇಲ್ಲಿಗೆ ಬರುವಷ್ಟರಲ್ಲಿ ಕೈ ಮೂರು ಅಕ್ಷರ ಮುಂದಿರುತ್ತದೆ. ಇದೂ ಸಾಧ್ಯವಾಗುವುದು ಸರ್ವರಿನಿಂದ ದನಿ ಬರಲು ಅನುಮತಿ ಇದ್ದರೆ ಮಾತ್ರ. ವಿಂಡೋಸ್ ಸರ್ವರ್ 2003ರಲ್ಲಿ ಧ್ವನಿ ಸೇವೆ ಮೊದಲಿನಿಂದಲೇ ನಿಷ್ಕ್ರಿಯ. ಬೇಕೆನ್ನುವವರು ಕೇಳಿ ತೆರೆಸಿಕೊಳ್ಳಬೇಕಿತ್ತು.

ಮೂರನೆಯ ದಾರಿ ಮತ್ತೆ ಆ ಗಂಟೆಯದು. ಸದ್ದನ್ನು ಕಳಿಸುವುದು ಬೇಡ, ಏನು ಹೇಳಬೇಕೋ ಆ ಪದಗಳನ್ನು ಕಳಿಸಿದರೆ ಸಾಕು. ಉಚ್ಚರಿಸುವ ಕೊರಳು ಕೇಳುವವರ ಬಳಿಯೇ ಇರಲಿ. ಕ್ರಿಸ್ಟೋಫರ್ ಟಾತ್ ಮತ್ತು ಟೈಲರ್ ಸ್ಪಿವೆ 2015ರಲ್ಲಿ ಎನ್‌ವಿಡಿಎಗಾಗಿ ಹೊರತಂದ ಎನ್‌ವಿಡಿಎ ರಿಮೋಟ್ ನಡೆದದ್ದು ಇದೇ ದಾರಿಯಲ್ಲಿ. 2025ರ ಆವೃತ್ತಿಯಲ್ಲಿ ಈ ಸೌಲಭ್ಯ ಎನ್‌ವಿಡಿಎಯ ಒಳಗೇ ಸೇರಿತು.

ಉಳಿತಾಯ ಎಷ್ಟೆಂದು ಒಂದು ಊರ ಹೆಸರಿನಿಂದಲೇ ಅಳೆಯಬಹುದು. ಕೋಯಂಬೇಡು ಎಂಬ ಪದಕ್ಕೆ ಯೂನಿಕೋಡಿನಲ್ಲಿ 8 ಸಂಕೇತಗಳು. ಯುಟಿಎಫ್-8 ಬರಹದಲ್ಲಿ ಒಂದೊಂದಕ್ಕೆ 3 ಬೈಟು, ಒಟ್ಟು 24. ಅದನ್ನೇ ಉಚ್ಚರಿಸಲು ಒಂದು ಸೆಕೆಂಡ್ ಬೇಕೆಂದರೆ, ಹಿಂಡದ ಸಿಡಿ ಧ್ವನಿಗೆ 1,76,400 ಬೈಟು. ಏಳು ಸಾವಿರ ಪಟ್ಟಿಗೂ ಹೆಚ್ಚು.

ಪದ ಕಳಿಸಿದರೆ ಸಾಕೆ?

ಪದವನ್ನು ಕಳಿಸುವುದೆಂದರೆ ಉಚ್ಚಾರಣೆಯ ಹೊಣೆಯನ್ನು ಕೇಳುವ ಕಂಪ್ಯೂಟರಿಗೆ ಒಪ್ಪಿಸುವುದು. ತಮಿಳಿನಲ್ಲಿ ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರ. ಕೋಯಂಬೇಡು ಎಂಬುದನ್ನು ತಮಿಳಿನಲ್ಲಿ ಬರೆಯುವುದು ಆ ಅಕ್ಷರದಿಂದಲೇ. ಅನುನಾಸಿಕದ ಮುಂದೆ ಬಂದಾಗ ಅದನ್ನು ಬ ಎಂದು ಓದಬೇಕು ಎಂಬ ನಿಯಮ ತಮಿಳರ ನಾಲಿಗೆಯಲ್ಲಿದೆ. ಕಂಪ್ಯೂಟರಿನ ಕೊರಳಿಗೆ ಅದನ್ನು ಕಲಿಸಬೇಕು. ಕನ್ನಡದ ಬರಹ ಬಯನ್ನು ಬಿಡಿಸಿಯೇ ಬರೆಯುತ್ತದೆ. ಜೊನಾಥನ್ ಡಡಿಂಗ್ಟನ್ ಆರಂಭಿಸಿದ ಇಸ್ಪೀಕ್ ಎಂಬ ಪುಟ್ಟ ಮಾತುಗಾರ ಸಾಫ್ಟ್‌ವೇರಿಗೆ ಎರಡೂ ಭಾಷೆಗಳ ನಿಯಮಗಳನ್ನು ಸೇರಿಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ತಮಿಳು, ಕನ್ನಡಗಳಿಗೆ ಬರಹವನ್ನು ಮಾತಾಗಿಸುವ ವ್ಯವಸ್ಥೆ ರೂಪಿಸಿತು. ಚೆನ್ನೈನ ಐಐಟಿಯಲ್ಲಿ ಹೇಮಾ ಮೂರ್ತಿ ಅವರು ಹಲವು ಭಾರತೀಯ ಭಾಷೆಗಳ ಇಂಥದೇ ಕೆಲಸವನ್ನು ಮುನ್ನಡೆಸಿದರು.

ಆದರೆ ಪದ ಕಳಿಸಬೇಕಾದರೆ ಮೊದಲು ಅಲ್ಲಿ ಪದ ಇರಬೇಕು. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳಲ್ಲಿ ಕಾಣುವುದು ಕನ್ನಡ, ಒಳಗಿರುವುದು ಬೇರೆ. ಆ ಫಾಂಟಿನಲ್ಲಿ ಕನ್ನಡ ಎಂದು ಬರೆದರೆ ಕಂಪ್ಯೂಟರಿನ ನೆನಪಿನಲ್ಲಿ ಉಳಿಯುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಎ, ಜರ್ಮನ್ನಿನ ಒಂದು ಅಕ್ಷರ, ಕ್ಯು, ಮತ್ತೊಮ್ಮೆ ಎ. ಸ್ಕ್ರೀನ್ ರೀಡರು ಓದುವುದು ಅದನ್ನೇ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು, 2001ರ ಎಕ್ಸ್‌ಪಿಯಲ್ಲಿ ಅದಕ್ಕೆ ಫಾಂಟೂ ಬಂತು. ಆದರೂ ಹಳೆಯ ಕಡತಗಳು ಹಾಗೇ ಉಳಿದವು. ರಿಮೋಟ್ ಕಿಟಕಿಯ ಅಕ್ಷರಗಳಂತೆ ಅವೂ ಕನ್ನಡದ ಚಿತ್ರಗಳು, ಕನ್ನಡವಲ್ಲ.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಮೇ 5ರಂದು ಕೋಯಂಬೇಡಿನ ಮಾರುಕಟ್ಟೆಯೂ ಮುಚ್ಚಿ, ತರಕಾರಿ ವ್ಯಾಪಾರ ತಿರುಮಳಿಸೈಗೆ ಹೋಯಿತು. ಕಚೇರಿಗಳು ಮನೆಗಳಿಗೆ ಹೋದವು. ಅಲ್ಲಿಯವರೆಗೆ ಕೆಲವರ ಪಾಲಿನ ಸಾಧನವಾಗಿದ್ದ ರಿಮೋಟ್ ಡೆಸ್ಕ್‌ಟಾಪ್ ಲಕ್ಷಾಂತರ ಜನರ ದಿನನಿತ್ಯದ ಬಾಗಿಲಾಯಿತು. ಆ ಬಾಗಿಲಿನ ವ್ಯವಸ್ಥೆಯಲ್ಲಿ ಧ್ವನಿ ಬರಲಿ ಅಥವಾ ಬೇಡ ಎಂಬ ಒಂದು ಆಯ್ಕೆ ಇರುತ್ತದೆ. ಭದ್ರತೆ, ಸಂಪರ್ಕದ ಉಳಿತಾಯ ಎಂದು ಬೇಡ ಎನ್ನುವುದು ಸುಲಭ. ಹಾಗೆ ನಿರ್ಧರಿಸುವವರಿಗೆ ಧ್ವನಿ ಎಂದರೆ ಹಾಡು, ಸಿನಿಮಾ. ಕಾನೂನು ಒಬ್ಬ ಅಂಧ ನೌಕರರಿಗೆ ಹುದ್ದೆ ಕೊಡುತ್ತದೆ, ಕಚೇರಿ ಕುರ್ಚಿ ಕೊಡುತ್ತದೆ. ಆ ಒಂದು ಆಯ್ಕೆ ಪರದೆಯನ್ನೇ ಕಿತ್ತುಕೊಳ್ಳುತ್ತದೆ.

ಇದಕ್ಕೆ ಹೊಸ ಆವಿಷ್ಕಾರವೇನೂ ಬೇಕಿಲ್ಲ. ಹುಸಿ ಕಾರ್ಡು 2001ರಿಂದ ಇದೆ, ಪದಗಳನ್ನು ಕಳಿಸುವ ದಾರಿ 2015ರಿಂದ ಎಲ್ಲರಿಗೂ ತೆರೆದಿದೆ, ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳೂ ಇವೆ. ಬೇಕಿರುವುದು ವ್ಯವಸ್ಥೆಯನ್ನು ಕೊಳ್ಳುವ ದಿನವೇ ಕೇಳುವ ಒಂದು ಪ್ರಶ್ನೆ: ಈ ಕಿಟಕಿಯನ್ನು ಕಣ್ಣು ಮುಚ್ಚಿಕೊಂಡು ಬಳಸಲು ಬರುತ್ತದೆಯೆ? ಅದನ್ನು ಕೇಳದೆ ಕೊಂಡ ವ್ಯವಸ್ಥೆಯ ಬೆಲೆಯನ್ನು ತೆರುವವರು ಕೊಂಡವರಲ್ಲ.